ಜಟ್ಟಿಯ ಅಂಗಾಲು

ಜಟ್ಟಿ ಗೌಡನಿಂದ ನನ್ನ ಅಂಗಡಿಗೆ ಆದಷ್ಟು ನಷ್ಟ ಬೇರೆ ಯಾರಿಂದಲೂ ಆಗಿಲ್ಲ. ಅಂಕೋಲೆಯಲ್ಲಿ ಹೆದ್ದಾರಿಯ ಪಕ್ಕ ನಾನು ಲಾರಿಯ ಬಿಡಿಭಾಗ ಮಾರುತ್ತೇನೆ. ಅಂಗಡಿಯ ಬೆನ್ನಿಗೇ ನನ್ನ ಅಣ್ಣ ಮಹಾಬಲೇಶ್ವರ ನಾಯ್ಕನ ಗ್ಯಾರೇಜು. ಗಾಡಿ ನಡುಗುತ್ತದೆ ಎಂದು ಡ್ರೈವರನೊಬ್ಬ ಬರುತ್ತಾನೆ, ಕ್ರಾಸ್ ಕೊಡಿ, ಸೆಂಟರ್ ಬೇರಿಂಗ್ ಕೊಡಿ ಎನ್ನುತ್ತಾನೆ, ನಾನು ಡಬ್ಬ ಇಳಿಸಿ ಧೂಳು ಒರೆಸುವಷ್ಟರಲ್ಲಿ ಜಟ್ಟಿ ಒಳಗಿನಿಂದ ಬಂದು, “ಅದೆಲ್ಲ ಎಂಥಕ್ಕೆ? ಮೊದ್ಲು ಒಂದು ಸುತ್ತು ಹೋಗ್ವಾ” ಎನ್ನುತ್ತಾನೆ. ಸುತ್ತು ಮುಗಿಸಿ ಬಂದವನು ಲಾರಿಯ ಕೆಳಗೆ ನುಗ್ಗಿ, ಶಾಫ್ಟಿನ ಒಂದು ಮಗ್ಗುಲಿಗೆ ಹತ್ತಿ ಒಣಗಿದ ಕೆಸರನ್ನು ಕೆರೆದು ಬೀಳಿಸಿ, ಹೋಗು ಎಂದು ಕಳಿಸುತ್ತಾನೆ. ನಾನು ಡಬ್ಬವನ್ನು ಮತ್ತೆ ಮೇಲೆ ಇಡುತ್ತೇನೆ.

“ಜಟ್ಟಿ, ನಾ ಅಂಗ್ಡಿ ಮುಚ್ಚಿ ಭಟ್ಕಳದ ಮಲ್ಲಿಗೆ ಮಾರ್ಲಾ?” ಎಂದು ಒಮ್ಮೆ ಕೇಳಿದ್ದೆ.

“ಎತ್ತಿಗೆ ಜ್ವರ ಬಂದ್ರೆ ಎಮ್ಮಿಗೆ ಬರೆ ಹಾಕುದು ಹೆಂಗೆ ಭಾರತಕ್ಕ?” ಎಂದಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಅದಕ್ಕೇ ನನ್ನ ಸಿಟ್ಟೆಲ್ಲ ಅಣ್ಣನ ಪಾಲಿಗೆ ಹೋಗುತ್ತದೆ.

ಲಾರಿಯ ಎಂಜಿನು ಮುಂದಿರುತ್ತದೆ, ಅದು ತಿರುಗಿಸಬೇಕಾದ ಚಕ್ರ ಹಿಂದಿರುತ್ತದೆ. ಎರಡರ ನಡುವೆ ಲಾರಿಯ ಹೊಟ್ಟೆಯಡಿಯಲ್ಲಿ ಉದ್ದಕ್ಕೂ ತಿರುಗುವ ಕಬ್ಬಿಣದ ಕೊಳವೆಯೇ ಶಾಫ್ಟ್. ರಸ್ತೆಯ ಏರುತಗ್ಗಿಗೆ ಅದು ಬಾಗಲಿ ಎಂದು ತುದಿಗಳಲ್ಲಿ ಕ್ರಾಸ್ ಎನ್ನುವ ಕೀಲು, ಜೋಲದಿರಲಿ ಎಂದು ಮಧ್ಯೆ ಹಿಡಿದುಕೊಳ್ಳುವ, ರಬ್ಬರಿನಲ್ಲಿ ಕೂತ ಸೆಂಟರ್ ಬೇರಿಂಗ್, ಚೂರು ಉದ್ದ ಗಿಡ್ಡ ಆಗಲಿ ಎಂದು ನಡುವೆ ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ. ಈ ಹಲ್ಲನ್ನು ಬಿಚ್ಚಿದರೆ ಮತ್ತೆ ಮೊದಲಿನ ಜಾಗದಲ್ಲೇ ಕೂರಿಸಬೇಕು. ಎರಡು ಹಲ್ಲು ಆಚೆ ಕೂತರೆ ಎರಡು ತುದಿಯ ಕೀಲುಗಳು ಒಂದು ಉತ್ತರಕ್ಕೆ ಇನ್ನೊಂದು ದಕ್ಷಿಣಕ್ಕೆ ಎಳೆಯುತ್ತವೆ. ಖಾಲಿ ಗಾಡಿಯಲ್ಲಿ ಅದು ಬರೀ ನಡುಕ. ಲೋಡು ಹೇರಿ ಘಟ್ಟ ಹತ್ತಿದರೆ ಶಾಫ್ಟ್ ಕಳಚಿ ಬೀಳಬಹುದು, ಬೀಳುವಾಗ ಬ್ರೇಕಿನ ಗಾಳಿ ಪೈಪನ್ನು ಹರಿದುಕೊಂಡೇ ಬೀಳಬಹುದು. ಆದ್ದರಿಂದ ಬಿಚ್ಚುವ ಮೊದಲೇ ಜೋಡಣೆಯ ಆಚೆ ಈಚೆ ನೇರಕ್ಕೆ ಕೆಂಪು ಬಣ್ಣದ ಎರಡು ಬೊಟ್ಟು ಇಡುವುದು ಜಟ್ಟಿಯ ಪದ್ಧತಿ. ಕೂರಿಸುವಾಗ ಬೊಟ್ಟಿಗೆ ಬೊಟ್ಟು ಎದುರಾದರೆ ಆಯಿತು. ನಮ್ಮ ಗ್ಯಾರೇಜಿನಲ್ಲಿ ಕೆಲಸ ಕಲಿತವರೆಲ್ಲ ಸ್ಪ್ಯಾನರು ಹಿಡಿಯುವ ಮೊದಲು ಈ ಬೊಟ್ಟನ್ನು ಕಲಿತವರು.

ನಡುಕ ಎಲ್ಲಿಂದ ಹುಟ್ಟಿತು ಎಂದು ಹುಡುಕುವುದು ಮಾತ್ರ ಬೊಟ್ಟಿನಷ್ಟು ಸುಲಭವಲ್ಲ. ಚಕ್ರದಿಂದ ಬರಬಹುದು, ಎಂಜಿನ್ ಕೂತ ರಬ್ಬರಿನಿಂದ ಬರಬಹುದು, ಹೆಚ್ಚು ಹೇರುವ ಆಸೆಗೆ ಯಾರೋ ಸೇರಿಸಿದ ಸ್ಪ್ರಿಂಗಿನ ಒಂದು ಪಾಟಾದಿಂದ ಹಿಂದಿನ ಚಕ್ರಗಳ ಹೌಸಿಂಗ್ ಓರೆಯಾಗಿಯೂ ಬರಬಹುದು. ಜಟ್ಟಿ ಅದನ್ನು ಹುಡುಕುವುದು ಅಂಗಾಲಿನಿಂದ. ಕ್ಯಾಬಿನ್ ಹತ್ತುವ ಮೊದಲು ದೇವಸ್ಥಾನದ ಮೆಟ್ಟಿಲಲ್ಲಿ ಬಿಟ್ಟ ಹಾಗೆ ಚಪ್ಪಲಿ ಕೆಳಗೆ ಬಿಡುತ್ತಾನೆ. ಡ್ರೈವರನ ಪಕ್ಕ ಕೂತು ಎರಡೂ ಅಂಗಾಲನ್ನು ತಗಡಿನ ಮೇಲೆ ಊರಿ, ಕಣ್ಣು ಮುಚ್ಚಿ, “ಜೋರು ಬಿಡು” ಎನ್ನುತ್ತಾನೆ. ಆಮೇಲೆ, “ಈಗ ಗೇರ್ ತೆಗಿ, ಹಂಗೇ ಹರೀಲಿ.” ಗೇರ್ ತೆಗೆದ ಮೇಲೂ ನಡುಕ ಉಳಿದರೆ ಎಂಜಿನ್ನಿನದಲ್ಲ, ಹಿಂದಿನದು. ಶಾಫ್ಟ್ ಒಂದು ಸಲ ಸುತ್ತುವಷ್ಟರಲ್ಲಿ ಒಂದು ಏಟು ಬಿದ್ದರೆ ಅದರ ತೂಕ ತಪ್ಪಿದ್ದು, ಎರಡು ಏಟು ಬಿದ್ದರೆ ಕೀಲು ತಪ್ಪಿದ್ದು. ಗೋವೆಯಿಂದ, ಸದಾಶಿವಗಡದಿಂದ, ಹುಬ್ಬಳ್ಳಿಯಿಂದ ಲಾರಿಯವರು ಈ ಎರಡು ಕಾಲನ್ನು ಹುಡುಕಿಕೊಂಡು ಬರುತ್ತಾರೆ.

ಅವನು ಶೆಟಗೇರಿಯವನು. ಅಪ್ಪ ತೀರಿಕೊಂಡಾಗ ಇನ್ನೂ ಮೀಸೆ ಮೂಡಿರಲಿಲ್ಲ. ಆಗಷ್ಟೇ ಗ್ಯಾರೇಜು ಹಾಕಿದ್ದ ನನ್ನ ಅಣ್ಣ ಅವನನ್ನು ಕರೆದುಕೊಂಡು ಬಂದು ತನ್ನ ತಟ್ಟೆಯ ಪಕ್ಕ ತಟ್ಟೆ ಇಡಿಸಿದ. ಕೆಲಸ ಕಲಿಸಿದ. ಗಂಗೆಯ ಜೊತೆ ಮದುವೆ ಮಾಡಿಸಿದ. ಮದುವೆಯ ದಿನ ಅಡುಗೆಯವರ ಜೊತೆ ನಿಂತು ಬಡಿಸಿದವನೂ ಅಣ್ಣನೇ. ಊರಿನಲ್ಲಿ ಅಣ್ಣನ ದೊಡ್ಡ ಮನಸ್ಸಿನ ಮಾತು ಬಂದರೆ ಮೊದಲು ಜಟ್ಟಿಯ ಕಥೆ ಹೇಳುತ್ತಾರೆ, ಎರಡನೆಯದು ನನ್ನ ಕಥೆ. ಗಂಡ ಹೋದ ಮೇಲೆ ಚಿತ್ತಾಕುಲದಿಂದ ತವರಿಗೆ ಬಂದ ನನಗೆ ಅಣ್ಣ ಈ ಅಂಗಡಿ ಹಾಕಿಕೊಟ್ಟ. ಹೊಲಿಗೆ ಕಲಿತು ಕಾರವಾರದಲ್ಲಿ ಇರುತ್ತೇನೆ ಎಂದು ನಾನು ಅಂದಿದ್ದೆ. “ನಾ ಇದ್ದಾಗ ನೀ ಎಂಥಕ್ಕೆ ಹೊಲೀಬೇಕು?” ಎಂದು ಅಣ್ಣ ಕಣ್ಣಲ್ಲಿ ನೀರು ತಂದುಕೊಂಡ. ಅಣ್ಣನ ಕಣ್ಣೀರಿನ ಮುಂದೆ ನಮ್ಮ ಮನೆಯಲ್ಲಿ ಯಾರ ಮಾತೂ ನಡೆದಿಲ್ಲ. ಬೈಯುವವನಾಗಿದ್ದರೆ ಎಂದೋ ಬಿಟ್ಟು ಹೋಗಬಹುದಿತ್ತು.

ಗಂಗೆ ಶೆಟಗೇರಿಯ ಗದ್ದೆಯಲ್ಲಿ ಹರಿವೆ, ಮೂಲಂಗಿ, ಬದನೆ ಬೆಳೆದು ಅಂಕೋಲೆಯ ಪೇಟೆಗೆ ಬುಟ್ಟಿ ಹೊತ್ತು ತರುತ್ತಾಳೆ. ಜಟ್ಟಿ ಹೆಚ್ಚಿನ ದಿನ ಗ್ಯಾರೇಜಿನ ಹಿಂದಿನ ಖೋಲಿಯಲ್ಲೇ ಉಳಿಯುತ್ತಾನೆ. ಲಾರಿಗಳಿಗೆ ಹೊತ್ತುಗೊತ್ತು ಇಲ್ಲವಲ್ಲ. ಪೇಟೆ ಮುಗಿಸಿ ಬಸ್ಸಿಗೆ ಕಾಯುವಾಗ ಗಂಗೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂರುತ್ತಾಳೆ. ಗಂಡ ಹೆಂಡತಿ ಸಂಸಾರ ಮಾಡಿದ್ದೇನಿದ್ದರೂ ಬಹುಪಾಲು ಆ ಬೆಂಚಿನ ಮೇಲೆ.

ಹೋದ ವರ್ಷದ ಮಳೆಗಾಲದಲ್ಲಿ ಜಟ್ಟಿ ಲಾರಿಯ ಕೆಳಗಿನಿಂದ ಎದ್ದು ಬರಲಾಗದೆ ಅಲ್ಲೇ ಮಲಗಿದ್ದ. ನಾನೇ ಕಾರವಾರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಒಳಗೆ ಅವನನ್ನು ಬಹಳ ಹೊತ್ತು ನೋಡಿದರು. ಹೊರಗೆ ಬಂದು ನನಗೆ ಹೇಳಿದ್ದು ಇಷ್ಟು: ಸೊಂಟದ ಎಲುಬು ಸವೆದು ನರ ಒತ್ತುತ್ತಿದೆ, ಇನ್ನು ಲಾರಿಯ ಕುಲುಕಾಟ ಕೂಡದು, ಹೀಗೇ ಮುಂದುವರಿದರೆ ಕಾಲು ಕೈಕೊಡುತ್ತದೆ. ಬಸ್ಸಿನಲ್ಲಿ ಬರುವಾಗ ಜಟ್ಟಿ ಕಿಟಕಿಯ ಹೊರಗೆ ನೋಡುತ್ತ, “ಮನಿಗೆ ಹೋಗ್ತೆ ಭಾರತಕ್ಕ. ಕಾಲು ಇರುವಾಗ್ಲೇ ನಾಕು ಮಡಿ ಹರಿವೆ ಮಾಡ್ತೆ” ಎಂದ. ಅವನು ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಣ್ಣ ಬೇಡ ಎನ್ನಲಿಲ್ಲ. ಅವನು ಎಂದೂ ಬೇಡ ಎನ್ನುವುದಿಲ್ಲ. “ಹೋಗು ಮಾರಾಯ, ನಾ ಕಟ್ಟಿ ಹಾಕಿದ್ನಾ? ನಿನ್ನ ಜಾಗಕ್ಕೆ ಒಬ್ನ ತಯಾರ್ ಮಾಡಿ ಹೋಗು” ಎಂದ. ಕೇಳಲು ನ್ಯಾಯದ ಮಾತು. ಜಟ್ಟಿ ಗ್ಯಾರೇಜಿನ ಹುಡುಗ ಪ್ರದೀಪನಿಗೆ ಕಲಿಸಿದ, ಅವನು ಗೋವೆಗೆ ಹೋದ. ಸೂರಜನಿಗೆ ಕಲಿಸಿದ, ಅವನು ಸದಾಶಿವಗಡದಲ್ಲಿ ಸ್ವಂತ ಗ್ಯಾರೇಜು ಹಾಕಿ ಬೋರ್ಡಿನಲ್ಲಿ ಜಟ್ಟಿಯ ಶಿಷ್ಯ ಎಂದು ಬರೆಸಿಕೊಂಡ. ಅಷ್ಟೂ ದಿನ ಜಟ್ಟಿ ಲಾರಿ ಹತ್ತುತ್ತಲೇ ಇದ್ದ, ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದ.

ಕಡೆಗೆ ಉಳಿದವನು ನಿತೇಶ, ಅತ್ತಿಗೆಯ ತಮ್ಮನ ಮಗ. ಮದುವೆಯಾಗಿ ಮಗುವಿರುವವನು, ನಿಧಾನಿ, ಕೆಲಸ ಅಚ್ಚುಕಟ್ಟು. ಈ ಸಲದ ಆಯುಧ ಪೂಜೆಯ ದಿನ ಗ್ಯಾರೇಜಿನಲ್ಲಿ ಮಂಗಳಾರತಿ ಮುಗಿದ ಮೇಲೆ ಅಣ್ಣ ಎಲ್ಲರ ಎದುರು ಮಾತು ಕೊಟ್ಟ. ನಡುಗುವ ಗಾಡಿಯೊಂದನ್ನು ನಿತೇಶ ಒಬ್ಬನೇ ನೋಡಿ, ಒಬ್ಬನೇ ಸರಿಮಾಡಿ, ಹೊರಗೆ ಕಳಿಸಬೇಕು. ಜಟ್ಟಿ ಗಾಡಿಯ ಹತ್ತಿರ ಸುಳಿಯಕೂಡದು, ಬಾಯಿ ಬಿಡಕೂಡದು. ನಿತೇಶ ಗೆದ್ದರೆ ಜಟ್ಟಿ ಮಾರನೆಯ ದಿನವೇ ಶೆಟಗೇರಿಗೆ. ಗಂಗೆಗೆ ಸುದ್ದಿ ಹೇಳಿದಾಗ ಅವಳು ನಕ್ಕಳು. ಅವಳಿಗೆ ನನ್ನ ಅಣ್ಣನ ಪರಿಚಯ ನನಗಿಂತ ಚೆನ್ನಾಗಿದೆ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಮಾಸ್ತಿಯ ಹತ್ತು ಚಕ್ರದ ಲಾರಿ ಬಂತು. ಮಾಸ್ತಿ ಕಾರವಾರ ಕಡೆಯಿಂದ ಜಲ್ಲಿ ತುಂಬಿಕೊಂಡು ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೊಡೆಯುವವನು. ನಲವತ್ತು ದಾಟಿದರೆ ಕಾಲಡಿ ಗುರುಗುರು ಎನ್ನುತ್ತದೆ ಎಂದ. ಅಣ್ಣ ನಿತೇಶನ ಹೆಗಲು ತಟ್ಟಿದ. ಜಟ್ಟಿ ಕೈ ತೊಳೆದುಕೊಂಡು ಬಂದು ನನ್ನ ಬೆಂಚಿನಲ್ಲಿ, ಗಂಗೆ ಕೂರುವ ಜಾಗದಲ್ಲಿ ಕೂತ. ಗಾಡಿ ಬಿಟ್ಟು ಮಾಸ್ತಿ ಊಟಕ್ಕೆ ಹೋದ.

ನಿತೇಶ ಒಂದು ಸುತ್ತು ಹೋಗಿ ಬಂದ, ಗೇರ್ ತೆಗೆದು ನೋಡಿದ, ಲಾರಿಯ ಕೆಳಗೆ ನುಗ್ಗಿದ. ಸೆಂಟರ್ ಬೇರಿಂಗಿನ ರಬ್ಬರು ಹರಿದಿತ್ತು, ನನ್ನಿಂದ ಹೊಸದೊಂದು ಒಯ್ದ. ಜಟ್ಟಿಯೂ ತಲೆಯಾಡಿಸಿದ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಕೆಳಗಿನಿಂದ ನಿತೇಶ ಕೂಗಿದ.

“ಮಾವ, ಇನ್ನೊಂದು ಸಿಕ್ತು. ಬೊಟ್ಟು ತಪ್ಪಿ ಕೂತದೆ. ಯಾರೋ ಹೊರಗೆ ಬಿಚ್ಚಿ ಹಲ್ಲು ತಪ್ಸಿ ಹಾಕಿದಾರೆ.”

ಅಣ್ಣ ಬಗ್ಗಿ ನೋಡಿದ. ಹೌದು, ಒಂದು ಕೆಂಪು ಬೊಟ್ಟು ಎಡಕ್ಕೆ, ಇನ್ನೊಂದು ಬಲಕ್ಕೆ. ಭೇಷ್ ಎಂದ. ನಿತೇಶ ಶಾಫ್ಟ್ ಬಿಚ್ಚಿ, ಹಲ್ಲು ಸರಿಸಿ, ಬೊಟ್ಟಿಗೆ ಬೊಟ್ಟು ಕೂಡಿಸಿ, ಬೋಲ್ಟು ಬಿಗಿದ. ಜಟ್ಟಿ ಬೆಂಚಿನಿಂದ ಸ್ವಲ್ಪ ಮುಂದಕ್ಕೆ ಬಾಗಿದ್ದ. “ಆ ಗಾಡಿ ಶಾಫ್ಟ್ ನಾನೇ ಹಾಕಿದ್ದೆ” ಎಂದು ತನ್ನಷ್ಟಕ್ಕೆ ಅಂದುಕೊಂಡ. ಮಾಸ್ತಿ ಘಟ್ಟದ ಮೇಲೆ ಎಲ್ಲಾದರೂ ಬಿಚ್ಚಿಸಿರಬಹುದು ಎಂದೆ. ಇರಬಹುದು ಎಂದ.

ನಿತೇಶ ತಾನೇ ಲಾರಿ ಬಿಟ್ಟುಕೊಂಡು ಅವರ್ಸಾದ ಕಡೆ ಹೋದ. ಅಷ್ಟರಲ್ಲಿ ಮಾಸ್ತಿ ಊಟ ಮುಗಿಸಿ ಬಂದು ಗೇಟಿನ ಹತ್ತಿರ ನಿಂತ. ಲಾರಿ ಹಿಂದಕ್ಕೆ ಬರುವಾಗ ನಮ್ಮ ಅಂಗಡಿಯ ಮುಂದೆ ವೇಗವಾಗಿಯೇ ಹಾದು, ಮುಂದೆ ತಿರುಗಿಸಿಕೊಂಡು ಗ್ಯಾರೇಜಿಗೆ ಬಂತು. ನನಗೆ ಕೇಳಿದ್ದು ಬರೀ ಲಾರಿಯ ಸದ್ದು. ಜಟ್ಟಿಯ ಮುಖದ ಬಣ್ಣ ಹೋಗಿತ್ತು.

“ಚೂರು ಉಳ್ದದೆ ಮಾವ, ಅದು ರೀಸೋಲ್ ಮಾಡಿದ ಹಳೇ ಟಯರಿಂದು. ಟಯರ್ ಅದಲ್‌ಬದಲ್ ಮಾಡ್ರೆ ಸಮಾ ಆಗ್ತದೆ” ಎಂದು ನಿತೇಶ ಇಳಿದ. ಮಾಸ್ತಿಗೆ ಕಾರವಾರದಲ್ಲಿ ಲೋಡು ಕಾದಿತ್ತು, ಟಯರನ್ನು ಅಲ್ಲೇ ನೋಡುತ್ತೇನೆ ಎಂದ. ಅಣ್ಣ ಚಹಾ ತರಿಸಿದ. ಎಲ್ಲರಿಗೂ ಕೊಟ್ಟು ಕಡೆಯ ಗ್ಲಾಸನ್ನು ತಾನೇ ತಂದು ಜಟ್ಟಿಯ ಕೈಯಲ್ಲಿಟ್ಟ. ಅವನ ಕಣ್ಣು ತುಂಬಿತ್ತು.

“ಆಯ್ತು ಜಟ್ಟಿ. ನೀ ಗೆದ್ದೆ. ಗಂಗೆ ಬಂದ್ರೆ ಇವತ್ತೇ ಕರ್ಕಂಡು ಹೋಗ್ಲಿ” ಎಂದ. ಇದರಲ್ಲಿ ನಾಟಕ ಇರಲಿಲ್ಲ. ಕೊಟ್ಟ ಮಾತಿಗೆ ನಡೆಯುವವನು ನನ್ನ ಅಣ್ಣ, ಅದನ್ನು ನಾನು ಒಪ್ಪಿಕೊಳ್ಳಲೇಬೇಕು.

ಅಣ್ಣ ಆಚೆ ಹೋದ ಮೇಲೂ ಜಟ್ಟಿ ಚಹಾ ಕುಡಿಯಲಿಲ್ಲ.

“ಎಂಥಾ ಆಯ್ತಾ?” ಎಂದೆ.

“ಎರಡು ಏಟು ಬೀಳ್ತದೆ ಭಾರತಕ್ಕ” ಎಂದು ಪಿಸುಗುಟ್ಟಿದ. “ಹಲ್ಲು ಈಗ ತಪ್ಪಿದ್ದು. ಮೊದ್ಲು ಸಮಾ ಇತ್ತು.”

ನಾನು ಗ್ಯಾರೇಜಿನ ಕಡೆ ನೋಡಿದೆ. ಮಾಸ್ತಿ ಕ್ಯಾಬಿನ್ನಿನ ಗಾಜು ಒರೆಸುತ್ತಿದ್ದ. ಜಟ್ಟಿ ಬಾಯಿ ಬಿಟ್ಟರೆ ನಿತೇಶ ಸೋತಂತೆ, ಅವನು ಸೋತರೆ ಜಟ್ಟಿ ಮತ್ತೆ ಕ್ಯಾಬಿನ್ನಿಗೆ, ಅಲ್ಲಿಂದ ಡಾಕ್ಟರು ಹೇಳಿದ ದಿನದ ಕಡೆಗೆ. ಬಾಯಿ ಬಿಡದಿದ್ದರೆ ಜಲ್ಲಿ ತುಂಬಿದ ಆ ಲಾರಿ ಅರಬೈಲಿಗೆ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ನನಗೆ ಒಂದು ಉಪಾಯ ಹೊಳೆಯಿತು.

“ನಾ ನಿತೇಶಂಗೆ ಕಿವಿಲಿ ಹೇಳ್ತೆ. ಅಂವನೇ ಮತ್ತೊಂದ್ಸಲ ನೋಡ್ದ ಹಾಂಗೆ ಆಗ್ಲಿ. ಅಣ್ಣಂಗೆ ಗೊತ್ತೇ ಆಗುದಿಲ್ಲ. ನೀ ಮನಿಗೆ ಹೋಗು.”

ಅವನು ನನ್ನ ಮುಖ ನೋಡಿದ. ಆಸೆಯಾಗಿತ್ತು ಅವನಿಗೆ, ಅದು ಕಾಣುತ್ತಿತ್ತು. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಾಸ್ತಿ ಎಂಜಿನ್ ಚಾಲೂ ಮಾಡಿದ.

“ಇವತ್ತು ನೀವು ಹೇಳ್ತ್ರಿ. ನಾಳಿಗೆ ಯಾರು ಹೇಳ್ತಾರೆ?” ಎಂದ ಜಟ್ಟಿ. “ಎರಡು ಏಟು ಅಂವಂಗೆ ಇನ್ನೂ ತಿಳೀತಿಲ್ಲ. ಟಯರು ಅಂತಾನೆ. ಅಂವನ ಕೈಲಿ ಗಾಡಿ ಕೊಟ್ಟು ನಾ ಹರಿವೆ ಮಾಡ್ಲಾ?”

ಲಾರಿ ಗೇಟಿನ ಕಡೆ ತಿರುಗಿತು. ಜಟ್ಟಿ ಎದ್ದ. ಎಡಗಾಲು ಅವನ ಜೊತೆ ಏಳಲಿಲ್ಲ. ಬೆಂಚಿನ ಮೂಲೆಗೆ ತಾಗಿ ಮುಗ್ಗರಿಸಿ ಬಿದ್ದ, ಗ್ಲಾಸು ಸಿಮೆಂಟಿನ ಮೇಲೆ ಒಡೆದು ಚೂರಾಯಿತು. ನಾನು ಎಬ್ಬಿಸಲು ಹೋದರೆ ಕೈ ಕೊಡವಿ, ಒಡೆದ ಗಾಜಿನ ಮೇಲೆಯೇ ಎದ್ದು, ಬೆಂಚಿನಡಿ ಬಿಟ್ಟ ಚಪ್ಪಲಿ ಮೆಟ್ಟದೆ ಬರಿಗಾಲಲ್ಲಿ ಹೊರಗೆ ನಡೆದ.

“ಒಡೇರೆ, ಗಾಡಿ ನಿಲ್ಸಿ. ಶಾಫ್ಟ್ ತಪ್ಪಿ ಕೂತದೆ.”

ಅಣ್ಣ ಕೈ ಎತ್ತಿ ಲಾರಿ ನಿಲ್ಲಿಸಿದ. ನಿತೇಶನ ಮುಖ ಚಿಕ್ಕದಾಯಿತು. ಬೊಟ್ಟಿಗೆ ಬೊಟ್ಟು ಕೂಡಿಸಿದ್ದೇನೆ, ಮಾವನೇ ನೋಡಿದ್ದಾರೆ ಎಂದ. ಆಗ ಮಾಸ್ತಿ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, “ಯಾವ ಬೊಟ್ಟು? ಕುಂಕುಮಾನಾ?” ಎಂದು ಕೇಳಿದ.

ಜಟ್ಟಿ ಚಪ್ಪಲಿ ಬಿಟ್ಟು ಗಾಡಿ ಹತ್ತುವುದನ್ನು ಮಾಸ್ತಿ ಎಷ್ಟೋ ವರ್ಷದಿಂದ ನೋಡಿದವನು. ಜಟ್ಟಿ ಶಾಫ್ಟಿಗೆ ಇಡುವ ಕೆಂಪು ಬೊಟ್ಟೂ ಪೂಜೆಯ ಬೊಟ್ಟೇ ಎಂದು ಭಕ್ತಿಯಿಂದ ನಂಬಿಕೊಂಡಿದ್ದ. ಆಯುಧ ಪೂಜೆಗೆ ಲಾರಿ ತೊಳೆದು ಕೆಳಗೆಲ್ಲ ಕಪ್ಪು ಬಣ್ಣ ಬಳಿದಾಗ ಆ ಬೊಟ್ಟುಗಳು ಮುಚ್ಚಿಹೋದವು.

“ಹಬ್ಬದ ದಿನ ಬೋಳು ಬಿಡುದು ಹೆಂಗೆ? ಕುಂಕುಮ ಹಚ್ರೆ ಮಳಿಗೆ ತೊಳ್ದು ಹೋಗ್ತದೆ. ಅದ್ಕೆ ಬಣ್ಣದಲ್ಲೇ ಇಟ್ಟೆ. ಈ ಬದಿಂದ ನುಗ್ಗಿ ಒಂದು, ಆ ಬದಿಂದ ನುಗ್ಗಿ ಒಂದು” ಎಂದ ಮಾಸ್ತಿ. ನಿತೇಶ ಎದುರುಬದುರು ಕೂಡಿಸಿದ್ದು ಈ ಪೂಜೆಯ ಬೊಟ್ಟುಗಳನ್ನು. ತಾನು ಮಾಡಿದ್ದು ಒಳ್ಳೆಯ ಕೆಲಸ ಎಂದೇ ಆಗಲೂ ಅವನ ಮುಖದಲ್ಲಿತ್ತು. ಯಾರಿಗೆ ಬೈಯುವುದು ಎಂದು ಯಾರಿಗೂ ತಿಳಿಯಲಿಲ್ಲ.

ನಿತೇಶ ಮತ್ತೆ ಕೆಳಗೆ ಹೋಗಿ ಕಪ್ಪು ಬಣ್ಣ ಕೆರೆದ. ಅಡಿಯಲ್ಲಿ ಜಟ್ಟಿಯ ಹಳೆಯ ಬೊಟ್ಟುಗಳು ಇದ್ದವು. ಅವನು ಹಲ್ಲನ್ನು ಅವುಗಳ ನೇರಕ್ಕೆ ಕೂರಿಸಿದ. “ನಿಂದು ತಪ್ಪಲ್ಲ ತಮಾ, ಬೊಟ್ಟು ಕಂಡ್ರೆ ನಾನೂ ನಂಬ್ತಿದ್ದೆ” ಎಂದು ಜಟ್ಟಿ ಹೊರಗಿನಿಂದ ಹೇಳಿದ. ನಿತೇಶ ಬೋಲ್ಟು ಬಿಗಿಯುತ್ತಿದ್ದ.

ಅಣ್ಣನಿಗೆ ದುಃಖವೂ ಆಗಿತ್ತು, ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವೂ ಆಗಿತ್ತು. “ನೋಡು, ನೀ ಇಲ್ದಿದ್ರೆ ಮಾಸ್ತಿ ಹೆಂಡ್ತಿ ಬೊಮ್ಮು ಇವತ್ತು ನಮ್ಮ ಬಾಗಿಲಿಗೆ ಬಂದು ಅಳ್ತಿತ್ತು” ಎಂದ. “ಒಂದು ಸುತ್ತು ಹೋಗಿ ಬಾ. ನಿನ್ನ ಕಾಲು ಹೇಳ್ಲಿ, ಆಮೇಲೆ ಗಾಡಿ ಬಿಡ್ವಾ.”

“ಡಾಕ್ಟ್ರು ಎಂಥಾ ಹೇಳಿದಾರೆ ನೆನಪದ್ಯಾ ನಿಂಗೆ?” ಎಂದು ನಾನು ಹೆದ್ದಾರಿಗೆ ಕೇಳುವಷ್ಟು ದನಿಯಲ್ಲಿ ಕೇಳಿದೆ.

“ಒಂದೇ ಸುತ್ತು ಮಾರಾಯ್ತಿ.”

ಜಟ್ಟಿ ಕುಂಟುತ್ತ ಹೋಗಿ ಲಾರಿ ಹತ್ತಿದ. ಬಿದ್ದ ಪೆಟ್ಟಿಗೆ ಕುಂಟುತ್ತಾನೆ ಎಂದುಕೊಂಡೆ. ಮಾಸ್ತಿ ಬಿಟ್ಟುಕೊಂಡು ಹೋದ. ತಿರುಗಿ ಬಂದಾಗ ಜಟ್ಟಿ ಬಾಗಿಲು ತೆಗೆದು ಬಹಳ ಹೊತ್ತು ಮೇಲೆಯೇ ಕೂತಿದ್ದ. ಸರಿಯಾಯಿತೇ ಎಂದು ಅಣ್ಣ ಕೇಳಿದ.

“ಕಿವಿಗೆ ಸಮಾ ಕೇಳ್ತದೆ” ಎಂದ ಜಟ್ಟಿ. “ಕಾಲಿಗೆ ಗೊತ್ತಾಗ್ಲಿಲ್ಲ ಒಡೇರೆ. ಹೋಗುವಾಗ್ಲೂ ಇಲ್ಲ, ಬರುವಾಗ್ಲೂ ಇಲ್ಲ. ಈ ಸಲದ ಮಳಿಗಾಲದಿಂದ್ಲೂ ಗೊತ್ತಾಗುದಿಲ್ಲ. ಇಷ್ಟು ದಿನ ಬರೀ ಕಿವಿಲೇ ದೂಡಿದ್ದು.”

ಅಣ್ಣ ಮೊದಲು ನಕ್ಕ. ಆಮೇಲೆ ಅವನ ಮುಖ ಬಿಗಿಯಿತು. ಅವನು ಅಷ್ಟು ನೊಂದುಕೊಂಡದ್ದನ್ನು ನಾನು ನೋಡಿರಲಿಲ್ಲ.

“ಹೋಗ್ಬೇಕಂದ್ರೆ ಹೋಗು ಜಟ್ಟಿ. ನನ್ನ ಎದುರು ನಿಂತ್ಕಂಡು ಸುಳ್ಳು ಹೇಳ್ಬೇಡ. ನಾ ನಿಂಗೆ ಅಂಥಾದ್ದು ಎಂಥಾ ಮಾಡಿದ್ದೆ?”

ಜಟ್ಟಿ ಬಾಗಿಲಿನ ಹಿಡಿಯನ್ನು ಹಿಡಿದುಕೊಂಡ. ಬದುಕಿನಲ್ಲಿ ಎಂದೂ ಸುಳ್ಳು ಹೇಳದವನಿಗೆ ನಿಜ ಹೇಳಿ ಸಿಕ್ಕಿಬಿದ್ದಾಗ ಏನು ಮಾಡಬೇಕೆಂದು ತಿಳಿಯದು. ಅಷ್ಟರಲ್ಲಿ ಇನ್ನೊಂದು ಬಾಗಿಲಿನಿಂದ ಮಾಸ್ತಿ, “ಮಹಾಬ್ಲಣ್ಣ, ಇಲ್ಲಿ ನೋಡಿ. ಕ್ಯಾಬಿನ್ ತುಂಬ ರಕ್ತ ಅದೆ” ಎಂದ.

ತಗಡಿನ ಮೇಲೆ ಎಡ ಪಾದದ ಗುರುತು ಪೂರ್ತಿ ಮೂಡಿತ್ತು. ಅಣ್ಣ ಜಟ್ಟಿಯ ಕಾಲು ಹಿಡಿದು ಎತ್ತಿದ. ಚಹಾದ ಗ್ಲಾಸಿನ ಒಂದು ಚೂರು, ಹುಣಸೆ ಬೀಜದಷ್ಟು ದಪ್ಪದ್ದು, ಅಂಗಾಲಿನಲ್ಲಿ ಆಳಕ್ಕೆ ಕೂತಿತ್ತು. ಅದನ್ನು ಹೊತ್ತುಕೊಂಡೇ ಅವನು ನಡೆದಿದ್ದ, ಹತ್ತಿದ್ದ, ಕಾಲೂರಿ ಕೂತು ಹೋಗಿ ಬಂದಿದ್ದ. ಈಗ ಆ ಕಾಲನ್ನು ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ಬಗ್ಗಿ ನೋಡುತ್ತಿದ್ದ.

ಅಣ್ಣ ನೆಲಕ್ಕೆ ಕೂತುಬಿಟ್ಟ. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಚೂರು ತೆಗೆದ, ಹೆಗಲ ಪಂಜಿಯಿಂದ ಒತ್ತಿ ಹಿಡಿದ, ನೋವಾಗುತ್ತದೆಯೇ ಎಂದು ಕೇಳಿದ. ಇಲ್ಲ ಎಂದ ಜಟ್ಟಿ. ಅದಕ್ಕೆ ಅಣ್ಣ ಮಗುವಿನ ಹಾಗೆ ಅತ್ತ. ನಿತೇಶ ಕಾರು ತಂದ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿದ್ದು, ಇಂಜೆಕ್ಷನ್ ಕೊಡಿಸಿದ್ದು, ಎತ್ತಿಕೊಂಡು ಕಾರಿನಿಂದ ಇಳಿಸಿದ್ದು ಎಲ್ಲ ಅಣ್ಣನೇ. ಹೋಗಲಿ, ಒಂದು ಕಾಲು ಕೊಟ್ಟಾದರೂ ಜಟ್ಟಿಗೆ ಬಿಡುಗಡೆಯಾಯಿತು ಎಂದು ನಾನು ಗಾಜಿನ ಚೂರು ಗುಡಿಸುತ್ತ ಅಂದುಕೊಂಡೆ.

ಸಂಜೆಯ ಹೊತ್ತಿಗೆ ಅಣ್ಣ ತನ್ನ ಆಫೀಸಿನ ಕೈಯಿರುವ ದೊಡ್ಡ ಕುರ್ಚಿಯನ್ನು ಹೊತ್ತುಕೊಂಡು ಬಂದು ನನ್ನ ಅಂಗಡಿಯ ನೆರಳಲ್ಲಿ, ರಸ್ತೆಗೆ ಮುಖ ಮಾಡಿ ಇಟ್ಟ. ಕಾಲಿಗೆ ಒಂದು ಸ್ಟೂಲು ಇಟ್ಟು ಮೇಲೆ ದಿಂಬು ಹಾಕಿದ. ಜಟ್ಟಿಯನ್ನು ಕೈ ಹಿಡಿದು ಕೂರಿಸಿದ.

“ಕಾಲು ಎಂಥಕ್ಕೆ ಬೇಕು ನಿಂಗೆ? ಇವತ್ತು ಕೂತಲ್ಲೇ ಕೇಳಿ ಹೇಳಿದ್ಯಲ್ದಾ? ಇನ್ನು ಗಾಡಿ ಹತ್ತುದೇ ಬೇಡ. ಇಲ್ಲಿ ಕೂತ್ಕಂಡು ಹೇಳು, ಸಾಕು. ಕಡೀ ತನಕ ನಾ ನೋಡ್ಕಳ್ತೆ.”

ನನಗೆ ತಡೆಯಲಾಗಲಿಲ್ಲ. “ಅಣ್ಣ, ನೀ ಮಾತು ಕೊಟ್ಟಿದ್ದೆ. ಅಂವನ್ನ ಮನಿಗೆ ಬಿಡು” ಎಂದೆ.

“ನಾ ಮಾತು ಮುರ್ದಿನಾ?” ಅಣ್ಣ ನಿಜಕ್ಕೂ ಅರ್ಥವಾಗದೆ ನನ್ನ ಮುಖ ನೋಡಿದ. “ನಿತೇಶ ಪಾಸಾದ್ನಾ? ಮತ್ತೆ ಈ ಕಾಲು ಇಟ್ಕಂಡು ಅಂವ ಗದ್ದೆಲಿ ಎಂಥಾ ಮಾಡ್ತಾ? ಹುಳ ಹುಪ್ಪಡಿ ಕಚ್ರೂ ಗೊತ್ತಾಗುದಿಲ್ಲ. ಇಲ್ಲಾದ್ರೆ ಡಾಕ್ಟ್ರು ಹತ್ರ ಇದಾರೆ.”

ಒಂದೊಂದು ಮಾತೂ ಸರಿ. ಅದೇ ನನ್ನ ಹೊಟ್ಟೆ ಉರಿಸಿದ್ದು. ನಾನು ಜಟ್ಟಿಯ ಕಡೆ ನೋಡಿದೆ, ಅವನೇ ಒಂದು ಮಾತು ಹೇಳಲಿ ಎಂದು. ಅವನು ಕುರ್ಚಿಯ ಕೈಗಳನ್ನು ಹಿಡಿದುಕೊಂಡು ತಲೆ ತಗ್ಗಿಸಿದ್ದ.

ಗಂಗೆ ಪೇಟೆ ಮುಗಿಸಿ ಖಾಲಿ ಬುಟ್ಟಿ ಹಿಡಿದು ಬಂದಳು. ಗಂಡನ ಕಾಲಿನ ಬಟ್ಟೆ ನೋಡಿದಳು, ಕುರ್ಚಿ ನೋಡಿದಳು, ಅಣ್ಣನನ್ನು ನೋಡಿದಳು. ಏನಾಯಿತು ಎಂದು ನಾನು ಹೇಳಿದೆ. ಅವಳು ಎಲ್ಲ ಕೇಳಿ ಗಂಡನ ಹತ್ತಿರ ಹೋಗಿ, “ಬಸ್ಸಿನ ಹೊತ್ತಾಯ್ತು. ಹೋಗ್ವಾ?” ಎಂದಳು. ನಿತೇಶನ ಹೆಗಲು ಹಿಡಿದುಕೊಂಡರೆ ಬಸ್ಸಿನ ತನಕ ಹೋಗಬಹುದಿತ್ತು. ಶೆಟಗೇರಿಯಲ್ಲಿ ಇಳಿದರೆ ಅವಳ ಅಣ್ಣತಮ್ಮಂದಿರು ಇದ್ದರು. ಜಟ್ಟಿ ಕುರ್ಚಿಯ ಕೈ ಬಿಟ್ಟು, ಅವಳ ಕೈ ಹಿಡಿದು, ಏಳಲೆಂದು ಮುಂದಕ್ಕೆ ಬಾಗಿದ.

ಆಗ ಕಾರವಾರದ ಕಡೆಯಿಂದ ಲಾರಿಯೊಂದು ಬಂದು ನಮ್ಮ ಮುಂದೆ ಹಾದು ಹೋಯಿತು. ಯಾವ ಊರಿನದೋ, ನಮ್ಮ ಗಿರಾಕಿಯೂ ಅಲ್ಲ. ಜಟ್ಟಿಯ ತಲೆ ಅದರ ಹಿಂದೆಯೇ ತಿರುಗಿತು.

“ಸೆಂಟರ್ ಬೇರಿಂಗ್” ಎಂದ. “ರಬ್ಬರ್ ಹರ್ದದೆ. ಘಟ್ಟ ಹತ್ತುದ್ರೊಳಗೆ ನಿಲ್ಸಬೇಕು ಅಂವನ್ನ.”

ಅಣ್ಣ ಆಗಲೇ ಬೈಕಿನ ಕೀಲಿ ಹುಡುಕುತ್ತ ನಿತೇಶನನ್ನು ಕೂಗಿದ. ಜಟ್ಟಿ ಲಾರಿ ಹೋದ ದಿಕ್ಕಿಗೇ ಕಿವಿ ಕೊಟ್ಟು ಕೂತಿದ್ದ, ಹೆಂಡತಿಯ ಕೈ ಬಿಟ್ಟದ್ದು ಅವನಿಗೆ ತಿಳಿದಿರಲಿಲ್ಲ. ಗಂಗೆ ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಶೆಟಗೇರಿಯ ಬಸ್ಸು ಬಂತು. ಅವಳು ಬುಟ್ಟಿ ತಲೆಗಿಟ್ಟುಕೊಂಡು ಒಬ್ಬಳೇ ಹತ್ತಿದಳು.